ಅಕ್ಕಿಯಲ್ಲಿ ಬರೆದ ಹೆಸರು

ಕೇಸಿನ ಕಾಗದ ಹೊಲಿಯುವ ದಬ್ಬಣ ಈಗ ನಮ್ಮ ಆಫೀಸಿನಲ್ಲಿಲ್ಲ. ಗೇಣುದ್ದದ ಆ ಕಬ್ಬಿಣದ ಸೂಜಿಯನ್ನು ಪೊಲೀಸರು ಬಟ್ಟೆಯಲ್ಲಿ ಸುತ್ತಿ, ಅರಗು ಹಚ್ಚಿ ಇಟ್ಟುಕೊಂಡಿದ್ದಾರೆ. ನಾನು ಈಗ ಫೈಲುಗಳಿಗೆ ತೂತು ಹಾಕಿ ದಾರ ಪೋಣಿಸಿ ಕೊಡುತ್ತೇನೆ. ಹೊಲಿಗೆ ಗಟ್ಟಿ ಇಲ್ಲವೆಂದು ಕೋರ್ಟಿನ ಗುಮಾಸ್ತರು ಗೊಣಗುತ್ತಾರೆ. ಗೊಣಗಲಿ. ಇನ್ನೊಂದು ದಬ್ಬಣ ತರಲು ನನ್ನಿಂದ ಆಗಿಲ್ಲ.

ನಾನು ಚಿಕ್ಕೋಡಿಯಲ್ಲಿ ಒಬ್ಬ ಮಹಿಳಾ ವಕೀಲರ ಹತ್ತಿರ ಕೆಲಸ ಮಾಡುತ್ತೇನೆ. ಬಿ.ಕಾಂ. ಮುಗಿಸಿದ ಮೇಲೆ ಬ್ಯಾಂಕಿನ ಪರೀಕ್ಷೆ ಬರೆಯುತ್ತ, ಸ್ವಲ್ಪ ದಿನ ಇರಲಿ ಎಂದು ಸೇರಿದವಳು ಅಲ್ಲೇ ಉಳಿದೆ. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಾರೆ. ಜೂನಿಯರ್ ಇಲ್ಲ, ಪಾಲುದಾರರಿಲ್ಲ. ಅವರು ವಾದಿಸುತ್ತಾರೆ, ನಾನು ಟೈಪ್ ಮಾಡುತ್ತೇನೆ, ಹೊಲಿಯುತ್ತೇನೆ, ಬಂದವರಿಗೆ ನೀರು ಕೊಡುತ್ತೇನೆ. ಸಂಜೆ ರಾಯಬಾಗದ ಬಸ್ಸು ಹಿಡಿದು ಮನೆಗೆ ಹೋಗುತ್ತೇನೆ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ, ನೀರು ಸೋಸದೆ ಕುಡಿಯುವ ಮಾತಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ಗೊತ್ತಾಗುತ್ತದೆ.

ಬಾಯಾರು ಮಾಡುವುದು ಹೆಚ್ಚಾಗಿ ದಿವಾಳಿ ಅರ್ಜಿಗಳು. ಸಾಲ ತೀರಿಸಲಾಗದವನು ಕೋರ್ಟಿಗೆ ಬಂದು ತನ್ನದೆಂಬುದನ್ನೆಲ್ಲ ಬಿಚ್ಚಿ ತೋರಿಸಬೇಕು. ಕೋರ್ಟು ಅದನ್ನು ಸಾಲ ಕೊಟ್ಟವರಿಗೆ ಹಂಚಿ, ಉಳಿದದ್ದರಿಂದ ಅವನನ್ನು ಬಿಡಿಸುತ್ತದೆ. ಕೆಲಸ ದೊಡ್ಡದು, ಫೀಸು ಸಣ್ಣದು. ನಮ್ಮ ಕಡೆಯ ಬೇರೆ ವಕೀಲರು ಅದಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ನಿಪ್ಪಾಣಿಯ ತಂಬಾಕು ದಲಾಲರಿಂದ ಹಿಡಿದು ಅಥಣಿಯ ಕಿರಾಣಿ ಅಂಗಡಿಯವರು, ಕಾಗವಾಡದ ಬೋರ್‌ವೆಲ್ ಗಾಡಿಯವರವರೆಗೆ ಎಲ್ಲರೂ ನಮ್ಮ ಮೆಟ್ಟಿಲನ್ನೇ ಹತ್ತಬೇಕು.

ಅಂಥ ಪ್ರತಿ ಫೈಲಿನೊಳಗೂ ಒಂದು ಸಂಸಾರ ಮುರಿದಿರುತ್ತದೆ. ದಿವಾಳಿ ತೆಗೆದರೆ ಹೆಂಡತಿಗೆ ಕೊಡಬೇಕಾದ ಜೀವನಾಂಶವೂ ಮಾಫಿ ಆಗುತ್ತದೆಂದು ತಿಳಿದು ಬರುವ ಗಂಡಸರೇ ಅರ್ಧ. ಅವರಿಗೆ ಬಾಯಾರು ಮೊದಲೇ ಹೇಳಿಬಿಡುತ್ತಿದ್ದರು: "ಎಲ್ಲಾ ದಿವಾಳಿ ಆಗ್ತೈತಿ ತಮ್ಮಾ, ಹೆಂಡ್ತಿ ಅನ್ನ ಒಂದು ಆಗೂದಿಲ್ಲ." ಕೆಲವರು ನಗುತ್ತಿದ್ದರು. ಒಬ್ಬ ಕಾಗವಾಡದವನು ನಗದೆ ನಮ್ಮ ಗೋಡೆಗೆ ಗುದ್ದಿ ತನ್ನ ಕೈಯನ್ನೇ ಮುರಿದುಕೊಂಡ. ಇನ್ನೊಂದು ಸಲ ಹುಡುಗಿಯ ಅಣ್ಣಂದಿರು ಅವಳ ಗಂಡನನ್ನು ನಮ್ಮ ಬಾಗಿಲಲ್ಲೇ ಹಾಕಿ ತುಳಿದರು. ಅವರು ಹೋದ ಮೇಲೆ ಮೆಟ್ಟಿಲ ಮೇಲೆ ಒಂದು ಹಲ್ಲು ಬಿದ್ದಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಏನು ಮಾಡಬೇಕೆಂದು ತಿಳಿಯದೆ ಮಧ್ಯಾಹ್ನದವರೆಗೆ ಡ್ರಾವರಿನಲ್ಲಿ ಇಟ್ಟುಕೊಂಡಿದ್ದೆ. ಇದೆಲ್ಲ ನನಗೆ ರೂಢಿಯಾಗಿತ್ತು. ರೂಢಿಯಾಗಿತ್ತು ಎಂದು ತಿಳಿದಿದ್ದೆ.

ಬಾಯಾರದು ಒಂದು ನಿಯಮವಿತ್ತು. ಒಂದೇ ಮನೆಯ ಇಬ್ಬರ ಕೇಸು ಹಿಡಿಯುವುದಿಲ್ಲ. ಗಂಡಸು ಬಂದರೆ ಮೊದಲ ದಿನವೇ ಹೆಂಡತಿಯ ಹೆಸರು ಕೇಳಿ ಬರೆಸುತ್ತಿದ್ದರು. ಹೆಂಗಸು ಬಂದರೆ ಮಾತ್ರ ಮೊದಲ ದಿನ ಸಾಲದ ಮಾತು, ಎರಡನೇ ದಿನ ಮನೆಯ ಮಾತು. ಗಂಡನ ಬಗ್ಗೆ ಮೊದಲ ದಿನವೇ ಕೇಳಿದರೆ ಹೆದರಿ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ ಎನ್ನುವುದು ಅವರ ಅನುಭವ.

ಹೀಗೆ ಬಂದ ಗಂಡಸರಲ್ಲಿ ಒಬ್ಬ ನಿಪ್ಪಾಣಿ ಕಡೆಯವನು. ಡಾಲ್ಬಿ ಇಟ್ಟುಕೊಂಡಿದ್ದ. ಗಣಪತಿ ಮೆರವಣಿಗೆ, ಮದುವೆ, ಚುನಾವಣೆ ಎಂದರೆ ಟೆಂಪೋ ತುಂಬ ಸ್ಪೀಕರ್ ಪೆಟ್ಟಿಗೆ ಪೇರಿಸಿ, ಎದುರಿನ ಮನೆಗಳ ಕಿಟಕಿ ಗಾಜು ನಡುಗುವ ಹಾಗೆ ಹಾಡು ಹಚ್ಚುವ ವ್ಯವಹಾರ. ಪೈಪೋಟಿಗೆ ಬಿದ್ದು ಸಾಲ ಮಾಡಿ ಪೆಟ್ಟಿಗೆ ಹೆಚ್ಚಿಸುತ್ತ ಹೋಗಿ ಮುಳುಗಿದ್ದ. ವರ್ಷಾನುಗಟ್ಟಲೆ ಆ ಸದ್ದಿನ ಮುಂದೆ ನಿಂತು ಎಡಗಿವಿ ಸತ್ತುಹೋಗಿತ್ತು. ಮಾತಾಡುವಾಗ ತಲೆ ಓರೆ ಮಾಡಿ ಬಲಗಿವಿ ಮುಂದೆ ತರುತ್ತಿದ್ದ. ದನಿ ಮಾತ್ರ ಬೀದಿಗೆಲ್ಲ ಕೇಳುವಂಥದು. ಬಂದಾಗಲೆಲ್ಲ ನನಗೊಂದು ಚಹಾ ಹೇಳುತ್ತಿದ್ದ, "ಅಕ್ಕಾರ ಭಾಳ ಬರಿತಾರ" ಎಂದು ಚೇಷ್ಟೆ ಮಾಡುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ.

ಹೆಂಡತಿಯ ಹೆಸರು ಕೇಳಿದಾಗ ಹೇಳಿದ. ನಾನು ಟೈಪ್ ಮಾಡಿದೆ. ಆಮೇಲೆ ಅವನು, ಅವಳು ಬಂಗಾರ ತೆಗೆದುಕೊಂಡು ಓಡಿಹೋಗಿದ್ದಾಳೆ, ಅದನ್ನೂ ಆಸ್ತಿಯಲ್ಲಿ ಬರೆಯಿರಿ, ಕೋರ್ಟಿನ ಮೂಲಕ ಹುಡುಕಿಸಿ ಎಂದ. ತವರಿನವರು ಹಾಕಿದ ಬಂಗಾರ ಅವಳದು, ನಿನ್ನ ಆಸ್ತಿಯಲ್ಲಿ ನಾನು ಬರೆಯುವುದಿಲ್ಲ ಎಂದು ಬಾಯಾರು ಹೇಳಿದರು. ಅವನು ನಕ್ಕ.

"ಬಂಗಾರ ಹೋಗ್ಲಿ ಬಿಡ್ರಿ ಬಾಯಾರ. ಅಕಿ ಎಲ್ಲಿ ಅದಾಳ, ಅಷ್ಟ ಗೊತ್ತಾದ್ರ ಸಾಕ."

ಪ್ರತಿ ಸಲ ಬಂದಾಗಲೂ ಈ ಮಾತು ಒಮ್ಮೆ ಬರುತ್ತಿತ್ತು. ಬಾಯಾರು ಮುಂದಿನ ಕಾಗದ ತೆಗೆಯುತ್ತಿದ್ದರು.

ಆ ದಿನಗಳಲ್ಲೇ ಅಥಣಿಯಿಂದ ಒಬ್ಬ ಹೆಂಗಸು ಬಂದಳು. ಅಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತ, ದುಡಿಯುವ ಹೆಂಗಸರ ಹಾಸ್ಟೆಲಿನಲ್ಲಿ ಇದ್ದಳು. ಅವಳ ಹೆಸರಿನಲ್ಲಿ ಯಾರೋ ಸಂಘಗಳ ಸಾಲ ಎತ್ತಿ ಕಟ್ಟದೆ ಬಿಟ್ಟಿದ್ದರು. ವಸೂಲಿಯವರು ಹುಡುಕಿಕೊಂಡು ಅಂಗಡಿಗೇ ಬಂದು, ಗಿರಾಕಿಗಳೆದುರು ಅವಳ ಕೈಯ ಬಳೆ ಒಡೆದು ಹೋಗಿದ್ದರು. ಮಾತಿನ ನಡುವೆ ಒಣ ಕೆಮ್ಮು. ಸಣ್ಣವಳಿದ್ದಾಗಿನಿಂದ ಬೀಡಿ ಕಟ್ಟಿದವಳು. ಮೊದಲ ದಿನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಆಧಾರ್ ಕಾರ್ಡಿನಲ್ಲೂ ಅದೇ ಇತ್ತು. ಗಂಡನ ಮಾತು ಬಾಯಾರು ಎತ್ತಲಿಲ್ಲ. ಹೋಗುವಾಗ ಅವಳೇ ಬಾಗಿಲಲ್ಲಿ ನಿಂತು ನನಗೆ ಹೇಳಿದಳು: "ನಾ ಅಥಣ್ಯಾಗ ಅದೀನಿ ಅಂತ ಯಾರ ಕೇಳಿದ್ರೂ ಹೇಳಬ್ಯಾಡ್ರಿ ಅಕ್ಕಾ. ಗೊತ್ತಾದ್ರ ನನ್ನ ಜೀವಂತ ಬಿಡೂದಿಲ್ಲ."

ಎರಡನೇ ದಿನ ಮುಂಜಾನೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಾಯಾರ ಎದುರು ಕುಳಿತಳು. ನಮ್ಮ ಆಫೀಸು ಎಂದರೆ ಒಂದು ಹಳೆಯ ಮಳಿಗೆ. ಮುಂದೆ ನನ್ನ ಟೇಬಲ್ಲು, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಅದರಾಚೆ ಬಾಯಾರ ಕೋಣೆ, ಅದರ ಹಿಂದೆ ಬಚ್ಚಲು. ಹಿಂಬಾಗಿಲು ಇಲ್ಲ. ನಾನು ಒಳಗೇ, ಅಡ್ಡಗೋಡೆಯ ಹತ್ತಿರ ಕುಳಿತು ಒಂದು ಫೈಲು ಹೊಲಿಯುತ್ತ ಕೇಳುತ್ತಿದ್ದೆ.

ಬಾಯಾರು ಮೆಲ್ಲಗೆ ಮನೆಯ ಮಾತು ತೆಗೆದರು. ಅವಳು ಸೆರಗು ಸರಿಸಿ ಕಿವಿ ತೋರಿಸಿದಳು. ಒಳಗೆ ಹತ್ತಿ ತುರುಕಿತ್ತು, ಹಳದಿಯಾಗಿತ್ತು. ಜಗಳ ಬಂದಾಗ ಗಂಡ ಅವಳನ್ನು ಗೋಡೌನಿನಲ್ಲಿ ಸ್ಪೀಕರ್ ಪೆಟ್ಟಿಗೆಗೆ ಕಟ್ಟಿ, ಬಾಗಿಲು ಹಾಕಿ, ಪೂರ್ತಿ ಸದ್ದು ಹಚ್ಚಿ ಹೊರಗೆ ಬೀಡಿ ಸೇದುತ್ತ ಕೂರುತ್ತಿದ್ದನಂತೆ. ಹೊಡೆದರೆ ಗುರುತು ಬೀಳುತ್ತದೆ, ಇದರಲ್ಲಿ ಬೀಳುವುದಿಲ್ಲ. ಕಡೆಯ ಸಲ ಕಿವಿಯಿಂದ ರಕ್ತ ಬಂದು ಕೊರಳಿಗಿಳಿದಾಗ, ಅವನು ಮೆರವಣಿಗೆಗೆ ಹೋದದ್ದು ನೋಡಿ ಉಟ್ಟ ಸೀರೆಯಲ್ಲೇ ಬಂದುಬಿಟ್ಟಿದ್ದಳು. ಸಾಲ ಎಲ್ಲ ಆ ಪೆಟ್ಟಿಗೆಗಳಿಗೇ ಹೋಗಿತ್ತು.

ಬಾಯಾರ ಪೆನ್ನು ನಿಂತಿತು. ನನ್ನ ಕೈಯೂ.

"ಲಗ್ನದಾಗ ಅಕ್ಕಿಯೊಳಗ ಏನ್ ಹೆಸರು ಬರದಿದ್ರವಾ?" ಎಂದು ಬಾಯಾರು ಕೇಳಿದರು.

ನಮ್ಮ ಗಡಿ ಕಡೆ ಬಹಳ ಮನೆಗಳಲ್ಲಿ ಇದು ಪದ್ಧತಿ. ಅಕ್ಷತೆ ಬಿದ್ದ ಮೇಲೆ ಒಂದು ತಾಟಿನಲ್ಲಿ ಅಕ್ಕಿ ಹರಡಿ ಇಡುತ್ತಾರೆ. ಮದುಮಗ ಅದರಲ್ಲಿ ಬಂಗಾರದ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಗಂಡನ ಮನೆಯಲ್ಲಿ, ಓಣಿಯಲ್ಲಿ ಅದೇ ಹೆಸರು. ಹುಟ್ಟಿದ ಹೆಸರು ತವರಿನಲ್ಲಿ, ಶಾಲೆಯ ಕಾಗದದಲ್ಲಿ ಉಳಿಯುತ್ತದೆ. ನನ್ನ ಅವ್ವನಿಗೂ ಎರಡು ಹೆಸರಿವೆ. ಇಷ್ಟು ಗೊತ್ತಿದ್ದೂ ನಮ್ಮ ಆಫೀಸಿನಲ್ಲಿ ಗಂಡಸರನ್ನು ಕೇಳುತ್ತಿದ್ದದ್ದು ಹೆಂಡತಿಯ ಹೆಸರೇನು ಎಂದಷ್ಟೇ. ಅವರು ಹೇಳುತ್ತಿದ್ದದ್ದು ತಾವು ಬರೆದ ಹೆಸರನ್ನು.

ಅವಳು ಹೆಸರು ಹೇಳಿದಳು. ಡಾಲ್ಬಿಯವನ ಅರ್ಜಿಯಲ್ಲಿ ನಾನೇ ಟೈಪ್ ಮಾಡಿದ ಹೆಸರು.

ಗಂಡ ಯಾರೆಂದು ಆಮೇಲೆ ಕೇಳಬೇಕಾಗಿಯೇ ಬರಲಿಲ್ಲ. ಹೊರಗೆ ಮೋಟಾರ್ ಸೈಕಲ್ ನಿಂತ ಸಪ್ಪಳ, ಅದರ ಹಿಂದೆಯೇ ಬೀದಿಗೆಲ್ಲ ಕೇಳುವ ಆ ದನಿ. ಅವನ ದಿನವಲ್ಲ ಅದು. ಕರೆದಿರಲಿಲ್ಲ. ಅವಳಿಗೆ ಅರ್ಧ ಕಿವುಡಾದ ಕಿವಿಯಲ್ಲೂ ಆ ದನಿ ಕೇಳಿತು. ಕುರ್ಚಿಯಿಂದ ಎದ್ದವಳು ಗೋಡೆಗೆ ಒತ್ತಿ ನಿಂತಳು. ಬಾಯಾರು ಅವಳನ್ನು ಬಚ್ಚಲಿಗೆ ನೂಕಿ, ಒಳಗಿನಿಂದ ಅಗುಳಿ ಹಾಕಿಕೋ ಎಂದು ಸನ್ನೆ ಮಾಡಿದರು. ನನ್ನ ಕಡೆ ತಿರುಗಿ ಪಿಸುದನಿಯಲ್ಲಿ, "ನೀ ಹೊರಗ ಹೋಗವಾ, ಮಾತಾಡಿಸ್ಕೋತ ಇರು" ಎಂದರು. ನಾನು ಹೊಲಿಯುತ್ತಿದ್ದ ಫೈಲನ್ನು ದಬ್ಬಣದ ಸಮೇತ ಹಿಡಿದುಕೊಂಡೇ ಬಂದು ನನ್ನ ಟೇಬಲ್ಲಿನ ಮೇಲೆ ಇಟ್ಟೆ. ಆ ದಬ್ಬಣವನ್ನು ಆಮೇಲೆ ಎಷ್ಟು ಸಲ ಡ್ರಾವರಿನಲ್ಲಿ ಹಾಕಿದ್ದೇನೋ, ಮನಸ್ಸಿನಲ್ಲಿ.

ಅವನ ಮುಖ ಕೆಂಪಾಗಿತ್ತು. ಫೈನಾನ್ಸಿನವರು ಮುಂಜಾನೆಯೇ ಬಂದು ಟೆಂಪೋವನ್ನು ಪೆಟ್ಟಿಗೆಗಳ ಸಮೇತ ಎಳೆದುಕೊಂಡು ಹೋಗಿದ್ದರು. ಅಡ್ಡ ಬಿದ್ದವನಿಗೆ ಒದ್ದಿದ್ದರು. ಅಂಗಿಯ ಮೇಲೆ ಬೂಟಿನ ಗುರುತಿತ್ತು. ಅರ್ಜಿ ಹಾಕಿದ ಮೇಲೆ ಯಾರೂ ಮುಟ್ಟುವುದಿಲ್ಲ ಎಂದಿದ್ದಿರಲ್ಲ ಎಂದು ಕೂಗಾಡಿದ. ಬಾಯಾರು ಹೊರಗೆ ಬಂದು, ಒತ್ತೆ ಇಟ್ಟ ಗಾಡಿಯ ಮಾತು ಬೇರೆ, ಅದನ್ನು ಮೊದಲೇ ಹೇಳಿದ್ದೆ ಎಂದರು. ಹೇಳಿದ್ದು ನಿಜ. ಅವನ ಯಾವ ಕಿವಿಗೆ ಹೇಳಿದ್ದರೋ ಗೊತ್ತಿಲ್ಲ.

ಆಗ ಬಚ್ಚಲಿನಲ್ಲಿ ಅವಳು ಕೆಮ್ಮಿದಳು. ಅವನಿಗೆ ಕೇಳಲಿಲ್ಲ. ಕೆಮ್ಮು ಮತ್ತೆ ಬರಬಹುದೆಂದು ಅವಳು ನಲ್ಲಿ ತಿರುವಿರಬೇಕು, ನೀರಿನ ಸದ್ದು ಶುರುವಾಯಿತು. ಅದೂ ಅವನಿಗೆ ಕೇಳಲಿಲ್ಲ. ಬಾಯಾರು ಒಂದೇ ಸಮನೆ ಮಾತಾಡುತ್ತಿದ್ದರು, ನಾಳೆಯೇ ಕೋರ್ಟಿಗೆ ಹೋಗೋಣ, ಈಗ ಮನೆಗೆ ಹೋಗು ಎಂದು. ಅವನು ಸ್ವಲ್ಪ ಇಳಿದ. ಹೋಗುತ್ತೇನೆಂದು ಹೊಸ್ತಿಲವರೆಗೆ ಹೋದ. ಬಾಯಲ್ಲಿದ್ದ ಗುಟ್ಕಾ ಉಗುಳಲು ಮೆಟ್ಟಿಲ ಪಕ್ಕದ ಗಟಾರಿಗೆ ಬಗ್ಗಿದ. ನಮ್ಮ ಬಚ್ಚಲಿನ ನೀರು ಹರಿಯುವುದು ಅಲ್ಲಿಗೇ.

"ಒಳಗ ಯಾರ ಅದಾರ?" ಎಂದ.

ಒಬ್ಬರು ಹೆಣ್ಣುಮಗಳು ಬಂದಿದ್ದಾರೆ, ಕೈಕಾಲು ತೊಳೆಯುತ್ತಿದ್ದಾರೆ ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು. ಅವನು ತಲೆಯಾಡಿಸಿದ. ತಲೆ ಎತ್ತುವಾಗ ಅವನ ಕಣ್ಣು ಮೆಟ್ಟಿಲ ಮೇಲಿನ ಚಪ್ಪಲಿಗಳಿಗೆ ಬಿತ್ತು. ಒಂದರ ಪಟ್ಟಿ ಹರಿದಿತ್ತು. ಅದನ್ನು ಕೆಂಪು ಕಪ್ಪು ಜೋಡಿ ವಾಯರಿನಿಂದ, ಸ್ಪೀಕರಿಗೆ ಹಾಕುವ ವಾಯರಿನಿಂದ ಬಿಗಿದು ಕಟ್ಟಿದ್ದರು. ಅವನು ಕುಕ್ಕರಗಾಲಲ್ಲಿ ಕುಳಿತು ಅದನ್ನು ಕೈಗೆತ್ತಿಕೊಂಡ.

"ಈ ವಾಯರ್ ನಂದ" ಎಂದ.

ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಾಯಾರು ಅಡ್ಡಗೋಡೆಯ ಬಾಗಿಲಿಗೆ ಅಡ್ಡ ನಿಂತರು. ಒಳಗಿರುವವಳು ನನ್ನ ಪಕ್ಷಗಾರ್ತಿ ಎಂದು ಅವಳ ಹುಟ್ಟಿದ ಹೆಸರು ಹೇಳಿ, ನಿನಗೂ ಅವಳಿಗೂ ಇಲ್ಲಿ ಏನೂ ಸಂಬಂಧವಿಲ್ಲ ಎಂದರು.

"ಆ ಹೆಸರಿನಾಕಿ ಎಲ್ಲಿ ಅದಾಳ್ರಿ?" ಎಂದ ಅವನು. "ಅದನ್ನ ನಾನ ಅಕ್ಕಿಯಾಗ ಅಳಿಸೀನಿ."

ಬಾಯಾರ ಮುಡಿಗೆ ಕೈ ಹಾಕಿ ಎಳೆದ. ಅವರು ಭಾರದ ಹೆಂಗಸು, ಮೊಣಕಾಲು ನೋವಿನವರು. ಕಬ್ಬಿಣದ ಕಪಾಟಿಗೆ ಅವರ ಹಣೆ ಬಡಿದ ಸಪ್ಪಳ ನನಗೆ ಈಗಲೂ ಬಸ್ಸಿನ ಬಾಗಿಲು ಹಾಕಿದಾಗಲೆಲ್ಲ ಕೇಳುತ್ತದೆ. ಅವರು ಬಿದ್ದರು, ಎದ್ದರು, ಮತ್ತೆ ಅಡ್ಡ ನಿಂತರು. ಅವನು ನನ್ನ ಟೇಬಲ್ಲಿನಿಂದ ದಬ್ಬಣ ಎತ್ತಿಕೊಂಡ. ಹೊಲಿಗೆಯ ಬಿಳಿ ದಾರ ಅದಕ್ಕೆ ಇನ್ನೂ ಪೋಣಿಸಿಯೇ ಇತ್ತು. ಬಾಯಾರು ಮುಖಕ್ಕೆ ಅಡ್ಡ ಹಿಡಿದ ಬಲಗೈಯಲ್ಲಿ ಅದು ಈಚೆಯಿಂದ ಆಚೆ ಬಂತು. ಕಿತ್ತುಕೊಂಡ. ದಾರವೂ ಅಂಗೈಯೊಳಗಿಂದ ಹಾದು ಕೆಂಪಾಗಿ ಬಂತು.

ಅಷ್ಟು ಹೊತ್ತು ನಾನು ಕೂಗುತ್ತಿದ್ದೆನಂತೆ. ಎದುರಿನ ಚಹಾದಂಗಡಿಯವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಅವನು ಬಚ್ಚಲಿನ ಬಾಗಿಲಿಗೆ ಒದ್ದ. ಹಲಗೆ ಸೀಳಿತು, ಅಗುಳಿಯ ಮೊಳೆಗಳು ಕಿತ್ತು ಬಂದವು. ತೆರೆದುಕೊಂಡ ಬಾಗಿಲಿನೊಳಗೆ ಎಡಗೈ ತೂರಿಸಿ ಅವಳ ಜಡೆ ಹಿಡಿದು ಕೈಗೆ ಸುತ್ತಿಕೊಂಡ. ಅವಳು ಒಳಗಿನಿಂದ ನಲ್ಲಿಯ ಪೈಪನ್ನು ತಬ್ಬಿಕೊಂಡಿದ್ದಳು. ಅವನ ಬಲಗೈಯಲ್ಲಿ ದಬ್ಬಣ. ಅದು ಅವಳ ಕಿವಿಯ ಕಡೆಗೇ ಹೋಗುತ್ತಿತ್ತು, ಆ ಹತ್ತಿ ತುರುಕಿದ ಕಿವಿಗೆ. ನಾನು ಹಿಂದಿನಿಂದ ಹೋಗಿ ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದೆ. ಹಿಡಿತ ಸಾಲಲಿಲ್ಲ. ಬಾಯಿ ಹಾಕಿದೆ. ಹಲ್ಲು ಚರ್ಮದ ಮೇಲೆ ಸ್ವಲ್ಪ ಜಾರಿ ಆಮೇಲೆ ಒಳಗೆ ಇಳಿದದ್ದು, ಬೆವರು, ಗುಟ್ಕಾ, ಅದರ ಹಿಂದೆ ಬಿಸಿಯಾಗಿ ಬಂದದ್ದು, ಇಷ್ಟು ನೆನಪಿದೆ. ದಬ್ಬಣ ನೆಲಕ್ಕೆ ಬಿದ್ದರೂ ನಾನು ಬಿಡಲಿಲ್ಲ. ಅವನು ಕಪಾಳಕ್ಕೆ ಹೊಡೆಯುತ್ತಿದ್ದ, ಗೋಡೆಗೆ ಒರಸುತ್ತಿದ್ದ. ನಾನು ಬಿಡಲಿಲ್ಲ.

ಚಹಾದಂಗಡಿಯವರೂ ಕೋರ್ಟಿಗೆ ಹೊರಟಿದ್ದ ಇಬ್ಬರು ವಕೀಲರೂ ಬಂದು ಅವನನ್ನು ಕೆಡವಿದರು. ನನ್ನ ದವಡೆ ಬಿಡಿಸಲು ಒಬ್ಬರು ನನ್ನ ಮೂಗು ಹಿಡಿಯಬೇಕಾಯಿತು. ನೆಲಕ್ಕೆ ಬಿದ್ದವನು ಮಗುವಿನ ಹಾಗೆ ಅಳುತ್ತ, ನನ್ನ ಗಾಡಿ ಒಯ್ದರು, ನನ್ನ ಗಾಡಿ ಒಯ್ದರು ಎನ್ನುತ್ತಿದ್ದ. ಅವಳು ಹೊರಗೆ ಬಂದಾಗ ಅವಳ ಕೂದಲಿನ ಒಂದು ಹಿಡಿ ಅವನ ಬೆರಳಿನಲ್ಲೇ ಇತ್ತು. ನಲ್ಲಿ ಇನ್ನೂ ಹರಿಯುತ್ತಿತ್ತು.

ಚಪ್ಪಲಿಗಳನ್ನು ಪೊಲೀಸರು ಒಯ್ದರು. ಆಸ್ಪತ್ರೆಗೆ ಅವಳು ನನ್ನ ಚಪ್ಪಲಿ ಹಾಕಿಕೊಂಡು ಬಂದಳು, ನಾನು ಬರಿಗಾಲಲ್ಲಿ.

ಮನೆಗೆ ಹೋದಾಗ ಹೊತ್ತು ಮುಳುಗಿತ್ತು. ಅವ್ವನಿಗೆ ಯಾರೋ ಮೊದಲೇ ಫೋನು ಮಾಡಿ ಎಲ್ಲ ಹೇಳಿದ್ದರು. ಸೋಸಿದ ನೀರಿಗೆ ಉಪ್ಪು ಹಾಕಿ ಕಾಯಿಸಿ ತಂದು, ಬಾಯಿ ಮುಕ್ಕಳಿಸು ಎಂದಳು. ಮತ್ತೆ ತಂದಳು. ಕಡೆಗೆ ನನ್ನ ಗಲ್ಲ ಹಿಡಿದು, "ಕಚ್ಚಿದ್ದು ಛಲೋ ಆತು" ಎಂದು ಹೇಳಿ, ಬೇರೆ ಕಡೆ ಮುಖ ತಿರುಗಿಸಿದಳು. ಇಂದಿಗೂ ನನಗೆ ತಾಮ್ರದ ಲೋಟದಲ್ಲಿ ನೀರು ಕುಡಿಯಲು ಆಗುವುದಿಲ್ಲ. ಅದೇ ರುಚಿ.

ಬಾಯಾರು ಆಸ್ಪತ್ರೆಯ ಹಾಸಿಗೆಯಲ್ಲೇ ಇಬ್ಬರ ಕೇಸನ್ನೂ ಬಿಟ್ಟರು. ಅವನದು ಬಿಡುವುದು ಸರಿ, ಅವಳದೇಕೆ ಎಂದು ನಾನು ಜಗಳ ತೆಗೆದೆ. ಅವನ ಒಳಗಿನ ಮಾತನ್ನೆಲ್ಲ ವಕೀಲಳಾಗಿ ಕೇಳಿದ್ದೇನೆ, ಇನ್ನು ಅವಳ ಪರ ನಿಂತರೆ ನಾಳೆ ಅವಳ ಅರ್ಜಿಯೇ ಬಿದ್ದುಹೋಗುತ್ತದೆ ಎಂದರು. ಅಥಣಿಯ ಒಬ್ಬ ಹೊಸ ವಕೀಲಳನ್ನು ಕರೆಸಿ, ಬ್ಯಾಂಡೇಜು ಕಟ್ಟಿದ ಕೈಯಿಂದಲೇ ತೋರಿಸುತ್ತ ದಿವಾಳಿ ಅರ್ಜಿ ಬರೆಯುವುದನ್ನು ಕಲಿಸಿದರು. ಈಗ ನಮ್ಮ ಆಫೀಸಿಗೆ ಗಂಡಸು ಯಾರೇ ಬರಲಿ, ಅಕ್ಕಿಯಲ್ಲಿ ಬರೆದದ್ದೇನು, ಅದಕ್ಕೂ ಮೊದಲು ಅವಳ ಹೆಸರೇನಿತ್ತು ಎಂದು ಎರಡನ್ನೂ ಕೇಳುತ್ತೇವೆ. ಕೆಲವರು ಎರಡನೆಯದನ್ನು ನೆನಪಿಸಿಕೊಳ್ಳಲು ತಡವರಿಸುತ್ತಾರೆ. ನಾನು ಕಾಯುತ್ತೇನೆ.

ಅವನಿಗೆ ಜಾಮೀನು ಸಿಕ್ಕಿತು. ಅವಳ ಹತ್ತಿರ ಸುಳಿಯಬಾರದೆಂದು ಷರತ್ತು. ಅವಳು ಅಥಣಿ ಬಿಟ್ಟಳು. ಎಲ್ಲಿದ್ದಾಳೆಂದು ನಾವು ಕೇಳಲಿಲ್ಲ.

ಅವಳ ಅರ್ಜಿಯ ವಿಚಾರಣೆಯ ದಿನ, ಹಳೆಯ ಕಾಗದ ಮುಟ್ಟಿಸಲು ನಾನು ಚಿಕ್ಕೋಡಿ ಕೋರ್ಟಿಗೆ ಹೋದೆ. ಅವನ ದಿವಾಳಿ ಅರ್ಜಿಯೂ ಪರವೂರಿನ ಒಬ್ಬ ವಕೀಲರ ಕೈಯಲ್ಲಿ ಅಂದೇ ಇತ್ತು. ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದ, ಮಣಿಕಟ್ಟಿನಲ್ಲಿ ನನ್ನ ಹಲ್ಲಿನ ಗುರುತು ಕಪ್ಪಗೆ ಅರ್ಧಚಂದ್ರವಾಗಿ. ಒಳಗೆ ಹೋಗಬೇಕಾದರೆ ಅವನ ಎದುರಿನಿಂದಲೇ ಹಾಯಬೇಕು. ಅವಳೂ ನಾನೂ ಕಂಬದ ಮರೆಗೆ ನಿಂತಿದ್ದೆವು. ನನ್ನ ಬಾಯಿ ಉಪ್ಪಾಗುತ್ತ ಬಂತು.

ಕೋರ್ಟಿನ ಜವಾನ ಬಾಗಿಲಿಗೆ ಬಂದು ಕರೆದ. ಸಾಲದ ಕಾಗದದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದದ್ದರಿಂದ ಅರ್ಜಿಯಲ್ಲಿ ಎರಡನ್ನೂ ಬರೆದಿದ್ದರು. ಎರಡೂ ಹೆಸರು ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ಕೇಳಿದವು. ಅವನ ಸತ್ತ ಕಿವಿ ಈ ಕಡೆಗಿತ್ತು. ತಿರುಗಲಿಲ್ಲ. ಇವತ್ತು ಬೇಡ, ವಕೀಲರಿಗೆ ಹೇಳಿ ಬೇರೆ ದಿನ ಕೇಳೋಣ ಎಂದು ನಾನು ಅವಳ ತೋಳು ಹಿಡಿದೆ.

ಎರಡನೇ ಸಲ ಕರೆದ. ಪಕ್ಕದಲ್ಲಿದ್ದವನು ಅವನನ್ನು ತಿವಿದ. ಅವನು ತಲೆ ಎತ್ತಿದ.

"ಮೂರ ಸಲ ಕರದ ಮ್ಯಾಲೂ ಹೋಗ್ಲಿಲ್ಲಂದ್ರ ಅರ್ಜಿ ತಗದ ಒಗಿತಾರ ಅಲ್ರಿ ಅಕ್ಕಾ?" ಎಂದಳು.

ಹೌದು ಎಂದೆ.

"ಮತ್ತ ನಡೀರಿ."

ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ "ಬಂದೆನ್ರಿ" ಎಂದು ಕೂಗಿದಳು. ನಾನು ಅವನ ಕಡೆಯ ಮಗ್ಗುಲಿಗೆ ಬಂದು, ಹಲ್ಲು ಕಚ್ಚಿ, ಅವನ ಕೈಗಳನ್ನೇ ನೋಡುತ್ತ ನಡೆದೆ. ಕೈಗಳು ಬೆಂಚಿನ ಅಂಚನ್ನು ಹಿಡಿದಿದ್ದವು. ಅವನು ಏಳಲಿಲ್ಲ. ಕೋರ್ಟಿನ ಬಾಗಿಲಲ್ಲಿ ಊರ ಜನ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದರು, ಮೂವತ್ತು ನಲವತ್ತು ಜೊತೆ ಅಲ್ಲಿ ಚೆಲ್ಲಿದ್ದವು. ಅವಳೂ ಬಿಚ್ಚಿದಳು. ಆದರೆ ಅಲ್ಲಿ ಬಿಡಲಿಲ್ಲ. ಎರಡನ್ನೂ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನ್ಯಾಯಾಧೀಶರ ಮುಂದೆ ಹೋಗಿ ನಿಂತಳು.